ನೀರು ತುಂಬುವ ಹಬ್ಬ

ದೀಪಾವಳಿ ಎಂದರೆ ನಿಮಗೆಲ್ಲ ಪಟಾಕಿ, ಹೋಳಿಗೆ ನೆನಪಾಗಬಹುದು. ನನಗೆ ಮೊದಲು ನೆನಪಾಗುವುದು ನೀರು ತುಂಬುವ ಹಬ್ಬ. ಪಾವಗಡದ ನಮ್ಮ ಮನೆಯಲ್ಲಿ ನರಕಚತುರ್ದಶಿಯ ಹಿಂದಿನ ಸಂಜೆ ಅಮ್ಮ ಹುಣಸೆಹಣ್ಣು ಹಾಕಿ ಹಂಡೆ ಬೆಳಗಿ, ಹೂವು ಮುಡಿಸಿ, ಗಂಗೆಪೂಜೆ ಮಾಡಿ ನೀರು ತುಂಬುತ್ತಿದ್ದಳು.

2015ರ ದೀಪಾವಳಿಗೆ ಅಮ್ಮ ಸ್ಯಾಂಡ್ರಿಂಗಮ್‌ನ ನಮ್ಮ ಮನೆಗೆ ಬಂದಿದ್ದಳು. ಇಲ್ಲಿನ ಅಂಗಡಿಗಳಲ್ಲಿ ಕರಿಬೇವು, ಹಾಗಲಕಾಯಿ ಎಲ್ಲ ಸಿಗುವುದನ್ನು ಕಂಡು ಅವಳಿಗೆ ಖುಷಿಯೋ ಖುಷಿ. ಆದರೆ ನಾನು ನಲ್ಲಿಯಿಂದ ನೇರವಾಗಿ ನೀರು ಹಿಡಿದು ಮಗಳಿಗೆ ಕೊಟ್ಟಾಗ ಬೆಚ್ಚಿಬಿದ್ದಳು.

"ಏನೇ, ಕಾಯಿಸದೇನೇ ಮಗೂಗೆ ಕೊಡ್ತೀಯಾ?"

"ಇದು ನ್ಯೂಜಿಲೆಂಡ್ ಕಣಮ್ಮ, ಹಾಗೇ ಕುಡೀಬಹುದು" ಎಂದು ಜಂಬ ಕೊಚ್ಚಿಕೊಂಡೆ.

ಮರುವರ್ಷ ಆಗಸ್ಟಿನಲ್ಲಿ ಆ ಜಂಬ ಇಳಿಯಿತು. ಜೋರು ಮಳೆಗೆ ಕುರಿಹಿಕ್ಕೆಯ ಕೊಳೆ ಹ್ಯಾವ್‌ಲಾಕ್ ನಾರ್ತ್ ಊರಿನ ಕೊಳವೆಬಾವಿಗೆ ಸೇರಿತು. ಆ ನೀರಿಗೆ ಕ್ಲೋರಿನ್ ಹಾಕುತ್ತಿರಲಿಲ್ಲ. ಸುಮಾರು 14,000 ಜನರ ಊರಿನಲ್ಲಿ 5,000ಕ್ಕೂ ಹೆಚ್ಚು ಮಂದಿ ಹೊಟ್ಟೆಕೆಟ್ಟು ಮಲಗಿದರು. ನಾಲ್ವರ ಸಾವಿಗೂ ಆ ಸೋಂಕಿನ ನಂಟಿತ್ತು. "ಅವತ್ತೇ ಹೇಳಿರಲಿಲ್ವೇನೇ?" ಎಂದು ಫೋನಿನಲ್ಲಿ ಅಮ್ಮ ಗದರಿದಳು.

ಅಮ್ಮ ಹೇಳಿದ್ದು ಸರಿಯೇ. ಆದರೆ ಕಾಯಿಸಿದರೆ ಸಾಕೇ? ಪಾವಗಡದ ಕೊಳವೆಬಾವಿಗಳದ್ದು ಫ್ಲೋರೈಡ್ ಅತಿಯಾದ ನೀರು. ಕಾಯಿಸಿದರೆ ಕ್ರಿಮಿ ಸಾಯುತ್ತದೆ, ಫ್ಲೋರೈಡ್ ಹೋಗುವುದಿಲ್ಲ. ನೀರು ಇಂಗಿದಷ್ಟೂ ಉಳಿದ ನೀರಿನಲ್ಲಿ ಅದರ ಪ್ರಮಾಣ ಹೆಚ್ಚುತ್ತದೆ. ಅಮ್ಮ ಇಷ್ಟು ವರ್ಷ ಶ್ರದ್ಧೆಯಿಂದ ಕಾಯಿಸಿ ಸೋಸಿ ಕೊಟ್ಟಳು. ಆದರೂ ನನ್ನ ಹಲ್ಲಿನ ಕಂದು ಕಲೆ ಹೋಗಿಲ್ಲ, ಅವಳ ಮಂಡಿ ಮಡಿಸಲು ಬರುವುದಿಲ್ಲ. ಇದು ತಾಯಿಯೊಬ್ಬಳು ಒಲೆಯ ಮೇಲೆ ಸರಿಮಾಡುವ ಕೆಲಸವಲ್ಲ, ಸರ್ಕಾರ ಕಾನೂನಿನಿಂದ ಮಾಡಬೇಕಾದ ಕೆಲಸ.

ಇಲ್ಲಿ ಹಾಗೆ ಮಾಡಿದರು. ವಿಚಾರಣೆ ನಡೆಸಿ, 2021ರಲ್ಲಿ ನೀರಿನ ಸೇವೆಗಳ ಕಾಯ್ದೆ ತಂದರು. ನೀರು ಪೂರೈಸುವವರು ಸುರಕ್ಷಿತ ನೀರನ್ನೇ ಕೊಡಬೇಕು, ತಪ್ಪಿದರೆ ದಂಡ. ಕಾವಲಿಗೆ 'ತೌಮಾತಾ ಅರೋವಾಯ್' ಎಂಬ ಸಂಸ್ಥೆಯಿದೆ. ಮಸೂದೆಯ ಬಗ್ಗೆ ಸಂಸತ್ತಿನ ಸಮಿತಿ ಸಾರ್ವಜನಿಕರ ಅಭಿಪ್ರಾಯ ಕೇಳಿತ್ತು. ನಾಚಿಕೆಯಿಂದಲೇ ಹೇಳುತ್ತೇನೆ, ನಾನು ಬರೆಯಲಿಲ್ಲ. ಯಾರೋ ಬರೆದರು, ಅದರ ಫಲ ನನ್ನ ಮಗಳಿಗೂ ಸಿಕ್ಕಿತು.

ನಮ್ಮೂರಿನಲ್ಲಿ? ಕರ್ನಾಟಕದ 1999ರ ಅಂತರ್ಜಲ ಕಾಯ್ದೆ ಸಾರ್ವಜನಿಕ ಕುಡಿಯುವ ನೀರಿನ ಮೂಲದ ಹತ್ತಿರ ಮನಬಂದಂತೆ ಬಾವಿ ತೋಡುವುದನ್ನು ತಡೆಯಲು ಬಂತು. ಮೂಲ ಬತ್ತದಿರಲಿ ಎಂಬ ಕಾಳಜಿ ಅದು. ನಲ್ಲಿಗೆ ಬರುವ ನೀರು ಶುದ್ಧವೇ ಎಂಬುದು ಬೇರೆ ಪ್ರಶ್ನೆ. 2023ರ ಆಗಸ್ಟಿನಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರು ಕುಡಿದು ಜನ ಸತ್ತಾಗ ಆ ಪ್ರಶ್ನೆ ಮತ್ತೆ ಎದ್ದಿತು. ನೀರನ್ನು ತಪ್ಪದೆ ಪರೀಕ್ಷಿಸಿ, ಫಲಿತಾಂಶವನ್ನು ಊರಿಗೆ ತಿಳಿಸಿ, ತಪ್ಪಿದವರನ್ನು ಹೊಣೆ ಮಾಡುವ ಗಟ್ಟಿ ಕಾನೂನು ನಮ್ಮ ರಾಜ್ಯಕ್ಕೂ ಬೇಕು.

ಊರಿಗೆ ಹೋದಾಗ ನಾವೆಲ್ಲ ಬಾಟಲಿ ನೀರು ಕೊಂಡು ಕುಡಿದು ಬರುತ್ತೇವೆ. ಅಲ್ಲಿರುವವರು? ಈ ಹಬ್ಬಕ್ಕೆ ನಾನು ನಮ್ಮ ಕ್ಷೇತ್ರದ ಶಾಸಕರಿಗೆ ಕನ್ನಡದಲ್ಲಿ ಒಂದು ಕಾಗದ ಬರೆದಿದ್ದೇನೆ. ನೀವೂ ನಿಮ್ಮೂರಿನ ಶಾಸಕರಿಗೆ ಬರೆಯಿರಿ. ಆಮೇಲೆ ಹಂಡೆ ಇಲ್ಲದಿದ್ದರೂ ಸರಿ, ಸ್ಟೀಲ್ ಪಾತ್ರೆಗೇ ಹೂವಿಟ್ಟು ನೀರು ತುಂಬೋಣ.

ಎಲ್ಲರಿಗೂ ದೀಪಾವಳಿಯ ಶುಭಾಶಯಗಳು.