ಅಡುಗೆಮನೆಗೆ ಎಷ್ಟು ಕಡ್ಡಿ?

ಅಗ್ಗದ ರೂಟರ್ ಕೊಂಡವರು ಬರೆದಿರುವ ಅಭಿಪ್ರಾಯಗಳನ್ನು ಓದುವುದು ನನಗೊಂದು ಚಟವಾಗಿಬಿಟ್ಟಿದೆ. ಕೊಳ್ಳುವ ಉದ್ದೇಶ ಇಲ್ಲದಿದ್ದಾಗಲೂ ಓದುತ್ತೇನೆ. ಸಾವಿರದ ಆಸುಪಾಸಿನ ಒಂದು ಬಿಳಿ ಡಬ್ಬಿ, ಅದಕ್ಕೆ ಎರಡು ಕೊಂಬು, ಮುಂದೆ ಮಿಣುಕುವ ನಾಲ್ಕಾರು ಹಸಿರು ದೀಪ. ಅದೇ ಡಬ್ಬಿಗೆ ಒಬ್ಬರು ಐದು ನಕ್ಷತ್ರ ಕೊಟ್ಟಿರುತ್ತಾರೆ, ಮಗ್ಗುಲಲ್ಲೇ ಇನ್ನೊಬ್ಬರು ಒಂದೇ ಒಂದು ಕೊಟ್ಟು ಶಾಪ ಹಾಕಿರುತ್ತಾರೆ. ಕೊಟ್ಟ ದುಡ್ಡಿಗೆ ಮೋಸವಿಲ್ಲ ಎನ್ನುತ್ತಾರೆ ಒಬ್ಬರು. ಎರಡು ದಿನಕ್ಕೊಮ್ಮೆ ಸ್ವಿಚ್ ಆರಿಸಿ ಹಾಕದಿದ್ದರೆ ಮಾತೇ ಆಡುವುದಿಲ್ಲ ಎನ್ನುತ್ತಾರೆ ಮತ್ತೊಬ್ಬರು. ವರ್ಷ ತುಂಬುವ ಮೊದಲೇ ಅಡಾಪ್ಟರ್ ಸುಟ್ಟಿತು, ಡಬ್ಬಿ ಮಾತ್ರ ಗಟ್ಟಿ ಇದೆ ಎನ್ನುವವರಿದ್ದಾರೆ. ಹಾಲಿನಲ್ಲಿ ಸಿನಿಮಾ ಓಡುತ್ತದೆ, ಬೆಡ್‌ರೂಮಿನಲ್ಲಿ ಫೋಟೊ ಕೂಡ ಬಿಚ್ಚಿಕೊಳ್ಳುವುದಿಲ್ಲ ಎನ್ನುವವರಂತೂ ಲೆಕ್ಕವಿಲ್ಲ.

ಇವರಲ್ಲಿ ಯಾರೂ ಸುಳ್ಳು ಹೇಳುತ್ತಿಲ್ಲ. ರೂಟರಿನ ನೆಪದಲ್ಲಿ ಎಲ್ಲರೂ ತಂತಮ್ಮ ಮನೆಯ ಕಥೆ ಬರೆದಿರುತ್ತಾರೆ. ಐದು ನಕ್ಷತ್ರದವರು ಒಂದು ಕೋಣೆಯ ಬಾಡಿಗೆ ಮನೆಯಲ್ಲಿದ್ದಾರು. ಒಂದು ನಕ್ಷತ್ರದವರ ಮನೆಯಲ್ಲಿ ಮೂರು ಗೋಡೆ, ಎರಡು ಮಹಡಿ, ಒಬ್ಬಳು ಹೊತ್ತಿಲ್ಲದ ಹೊತ್ತಿನಲ್ಲಿ ಓದುವ ಮಗಳು ಇದ್ದಾಳು. ಡಬ್ಬಿಯ ಮೇಲೆ 300 ಎಂಬಿಪಿಎಸ್ ಎಂದು ದಪ್ಪಕ್ಷರದಲ್ಲಿ ಅಚ್ಚಾಗಿರುತ್ತದೆ. ಅದು ಕಾಗದದ ಮೇಲಿನ ಲೆಕ್ಕ. ಗಾಳಿಯಲ್ಲಿ ಅದರ ಅರ್ಧ ಸಿಕ್ಕರೆ ಪುಣ್ಯ. ಇಂಥ ಬಹುತೇಕ ಡಬ್ಬಿಗಳ ಹಿಂದಿರುವ ತಂತಿಯ ಕಿಂಡಿಗಳಿಂದ 100ಕ್ಕಿಂತ ಹೆಚ್ಚು ಒಳಬರುವುದೂ ಇಲ್ಲ. ಮುನ್ನೂರು ಮಂದಿಗೆ ಊಟ ಎಂದು ಬೋರ್ಡು ಹಾಕಿ, ಬಾಗಿಲನ್ನು ನೂರು ಮಂದಿ ಹಿಡಿಸುವಷ್ಟೇ ಮಾಡಿದ ಹಾಗೆ.

ನಮ್ಮ ಮನೆ ತೀರ್ಥಹಳ್ಳಿ ಕಡೆಯದು. ಅಜ್ಜನ ಕಾಲದ ಮನೆ, ಒಂದೂವರೆ ಅಡಿ ದಪ್ಪದ ಗೋಡೆ. ಮುಂದೆ ಅಂಗಳ, ಜಗಲಿ, ಆಮೇಲೆ ನಡುಮನೆ, ಅದರ ಹಿಂದೆ ಅಡುಗೆಮನೆ, ಬಚ್ಚಲು, ಹಿತ್ತಿಲು. ಊರಿಗೆ ಮೊಬೈಲ್ ಟವರ್ ಬಂದು ವರ್ಷಗಳಾದರೂ ನಮ್ಮ ಕಣಿವೆಗೆ ಅದು ಇಳಿಯಲಿಲ್ಲ. 2020ರ ಮಳೆಗಾಲದಲ್ಲಿ ಶಾಲೆ ಕಾಲೇಜು ಮುಚ್ಚಿ ಪಾಠವೆಲ್ಲ ಫೋನಿಗೆ ಬಂದಾಗ, ಮಲೆನಾಡಿನ ಮಕ್ಕಳು ಛತ್ರಿ ಹಿಡಿದು ಗುಡ್ಡ ಹತ್ತಿದ್ದನ್ನು ಆಗಿನ ಪತ್ರಿಕೆಗಳಲ್ಲಿ ಎಲ್ಲರೂ ನೋಡಿದ್ದಾರೆ. ಅದಾಗಿ ಎರಡು ವರ್ಷಕ್ಕೆ ಕೇಬಲ್ ಟಿವಿಯವರು ಕಂಬದಿಂದ ಕಂಬಕ್ಕೆ ಫೈಬರ್ ಎಳೆದುಕೊಂಡು ಬಂದರು. ಅವರ ತಂತಿ ನಮ್ಮ ಜಗಲಿಗೆ ಬಂದು ನಿಂತಿತು. ಪ್ಲಗ್ ಪಾಯಿಂಟ್ ಅಲ್ಲೇ ಇತ್ತು, ಟಿವಿ ಅಲ್ಲೇ ಇತ್ತು, ಅಪ್ಪನ ಕುರ್ಚಿಯೂ ಅಲ್ಲೇ ಇತ್ತು. ಅಣ್ಣ ಒಂದು ರೂಟರ್ ತಂದು ಟಿವಿ ಪಕ್ಕದಲ್ಲಿ ಇಟ್ಟ. ಇನ್ನೆಲ್ಲಿ ಇಡಬಹುದಿತ್ತು ಎಂದು ಆಗ ಯಾರೂ ಕೇಳಲಿಲ್ಲ.

ಜಗಲಿಯಲ್ಲಿ ಅಪ್ಪನಿಗೆ ಅಡಿಕೆ ಧಾರಣೆ ಬಂತು, ಅಣ್ಣನಿಗೆ ಕ್ರಿಕೆಟ್ ಬಂತು. ಅತ್ತಿಗೆಗೆ ಬೇಕಾಗಿದ್ದು ಮಾತ್ರ ಬರಲಿಲ್ಲ. ಅತ್ತಿಗೆ ಬಿ.ಎಡ್. ಮಾಡಿದವರು. ಶಿಕ್ಷಕರ ಅರ್ಹತಾ ಪರೀಕ್ಷೆ, ಅದೇ ಟಿಇಟಿ, ಕಟ್ಟಬೇಕೆಂದು ಮನಸ್ಸು ಮಾಡಿದ್ದರು. ಅವರಿಗೆ ಓದುವ ಹೊತ್ತು ಅಂತ ಬೇರೆ ಇಲ್ಲ. ಬೆಳಿಗ್ಗೆ ದೋಸೆ ಹೊಯ್ಯುವಾಗ, ಸಂಜೆ ಒಲೆಯ ಮೇಲೆ ಅನ್ನ ಕುದಿಯುವಾಗ, ರಾತ್ರಿ ಪಾತ್ರೆ ತೊಳೆದಿಟ್ಟ ಮೇಲೆ ಒಂದು ಗಂಟೆ. ಫೋನನ್ನು ಸಕ್ಕರೆ ಡಬ್ಬಿಗೆ ಒರಗಿಸಿ ಮಕ್ಕಳ ಮನೋವಿಜ್ಞಾನದ ಪಾಠ ಹಚ್ಚಿದರೆ, ಪರದೆಯ ಮೇಲೆ ಒಂದು ಚಕ್ರ ಸುತ್ತುತ್ತಾ ಇರುತ್ತಿತ್ತು.

"ಜಗಲಿಗೆ ಬಂದು ನೋಡಿದ್ರೆ ಆಯ್ತಪ್ಪ, ಯಾರು ಬೇಡ ಅಂದ್ರು?" ಎಂದ ಅಣ್ಣ.

"ಜಗಲೀಲಿ ಕೂತ್ರೆ ಸಾರಿಗೆ ಒಗ್ಗರಣೆ ಯಾರು ಹಾಕ್ತಾರೆ?" ಎಂದರು ಅತ್ತಿಗೆ.

ಆ ಬೇಸಿಗೆಯಲ್ಲಿ ರಜೆ ಹಾಕಿ ಊರಿಗೆ ಹೋದಾಗ ಫೋನಿನಲ್ಲಿ ಸಿಗ್ನಲ್ ಅಳೆಯುವ ಒಂದು ಆ್ಯಪ್ ಹಾಕಿಕೊಂಡು ಮನೆಯೆಲ್ಲ ಸುತ್ತಿದೆ. ಕಡ್ಡಿ ಎಣಿಸುವುದು ಅಂದಾಜಿನ ಕೆಲಸ. ಈ ಅಳತೆ ಡಿಬಿಎಂ ಎಂಬ ಲೆಕ್ಕದಲ್ಲಿ ಬರುತ್ತದೆ. ಸಂಖ್ಯೆಯ ಹಿಂದೆ ಮೈನಸ್ ಇರುವುದರಿಂದ ಸಂಖ್ಯೆ ದೊಡ್ಡದಾದಷ್ಟೂ ಸಿಗ್ನಲ್ ಸಣ್ಣದು. ಜಗಲಿಯಲ್ಲಿ ಮೈನಸ್ 48. ನಡುಮನೆಯಲ್ಲಿ ಮೈನಸ್ 67. ಅಡುಗೆಮನೆಯ ಒಲೆಯ ಹತ್ತಿರ ಮೈನಸ್ 86. ನೋಡಲಿಕ್ಕೆ ಏನೂ ಭಾರಿ ವ್ಯತ್ಯಾಸ ಅನಿಸುವುದಿಲ್ಲ. ಆದರೆ ಈ ಲೆಕ್ಕದಲ್ಲಿ ಹತ್ತು ಇಳಿದರೆ ಶಕ್ತಿ ಹತ್ತನೇ ಒಂದು ಪಾಲಾಯಿತು ಎಂದರ್ಥ. ಇಪ್ಪತ್ತು ಇಳಿದರೆ ನೂರನೇ ಒಂದು ಪಾಲು. ಮೂವತ್ತೆಂಟು ಇಳಿದರೆ ಆರು ಸಾವಿರಕ್ಕೂ ಹೆಚ್ಚು ಪಾಲಿನಲ್ಲಿ ಒಂದು. ಅಪ್ಪನ ಕುರ್ಚಿಗೂ ಅತ್ತಿಗೆಯ ಒಲೆಗೂ ನಡುವೆ ಇರುವುದು ಎರಡು ಗೋಡೆ, ಸುಮಾರು ನಲವತ್ತು ಅಡಿ.

ಗೋಡೆಯ ಜೊತೆಗೆ ಬೇರೆ ಅಡ್ಡಿಗಳೂ ಇದ್ದವು. ಈ ಡಬ್ಬಿಗಳು ಮಾತಾಡುವುದು 2.4 ಗಿಗಾಹರ್ಟ್ಸ್‌ನಲ್ಲಿ. ಅಲೆಯ ಉದ್ದ ಒಂದು ಗೇಣಿಗಿಂತ ಕಡಿಮೆ, ಹನ್ನೆರಡೂವರೆ ಸೆಂಟಿಮೀಟರ್. ನೀರಿದ್ದಲ್ಲಿ ಅದು ಸೊರಗುತ್ತದೆ, ಲೋಹಕ್ಕೆ ಬಡಿದರೆ ಹಿಂದಕ್ಕೆ ಪುಟಿಯುತ್ತದೆ. ನಮ್ಮ ನಡುಮನೆಯಲ್ಲಿ ಕಬ್ಬಿಣದ ಕಪಾಟು, ಅಡುಗೆಮನೆ ಬಾಗಿಲಿಗೇ ಫ್ರಿಜ್ಜು, ಅದರಾಚೆ ನೀರು ತುಂಬಿದ ಹಂಡೆ. ದುಬಾರಿ ರೂಟರುಗಳಲ್ಲಿರುವ 5 ಗಿಗಾಹರ್ಟ್ಸ್ ವೇಗದಲ್ಲಿ ಮುಂದು, ಗೋಡೆ ದಾಟುವುದರಲ್ಲಿ ಇನ್ನೂ ಹಿಂದು. ನಮ್ಮಂಥ ಮನೆಗೆ ದುಡ್ಡು ಹೆಚ್ಚು ಸುರಿದರೆ ಕೆಲಸ ಆಗುತ್ತದೆ ಎನ್ನುವುದೂ ಖಾತ್ರಿಯಿಲ್ಲ.

ಅಪ್ಪನಿಗೆ ಇದನ್ನೆಲ್ಲ ವಿವರಿಸುವಾಗ ಅವರು ರೇಡಿಯೊ ಕಾಲವನ್ನು ನೆನೆದರು. ಆಗ ರೇಡಿಯೊ ಇಟ್ಟುಕೊಳ್ಳುವುದಕ್ಕೂ ಲೈಸೆನ್ಸ್ ಬೇಕಿತ್ತು. ಅಂಚೆ ಕಚೇರಿಯಲ್ಲಿ ವರ್ಷವರ್ಷ ಹಣ ಕಟ್ಟಿ ಪುಸ್ತಕದಲ್ಲಿ ಚೀಟಿ ಅಂಟಿಸಿಕೊಂಡು ಬರಬೇಕಿತ್ತು. ಅಜ್ಜನ ಹೆಸರಿನ ಆ ಪುಸ್ತಕ ಈಗಲೂ ಅಟ್ಟದ ಪೆಟ್ಟಿಗೆಯಲ್ಲಿದೆ. ವೈಫೈಗೆ ಅಂಥ ಪುಸ್ತಕ ಬೇಡ. ಅಮೆರಿಕ 1985ರಲ್ಲೇ ಈ ಬಗೆಯ ಅಲೆಪಟ್ಟಿಗಳನ್ನು ಲೈಸೆನ್ಸ್ ಇಲ್ಲದ ಬಳಕೆಗೆ ಬಿಟ್ಟುಕೊಟ್ಟಿತು. ಮೈಕ್ರೋವೇವ್ ಒಲೆಗಳು ಗದ್ದಲ ಮಾಡುತ್ತಿದ್ದ, ದೊಡ್ಡ ಸಂಪರ್ಕ ಕಂಪನಿಗಳಿಗೆ ಬೇಡವಾಗಿದ್ದ ಹಾಳು ಜಾಗ ಅದು. 1997ರಲ್ಲಿ ಮೊದಲ ಮಾನದಂಡ ಬಂದಾಗ ಅದರ ವೇಗ ಸೆಕೆಂಡಿಗೆ 2 ಮೆಗಾಬಿಟ್. ಭಾರತ 2005ರಲ್ಲಿ 2.4 ಗಿಗಾಹರ್ಟ್ಸ್ ಪಟ್ಟಿಯಲ್ಲಿ ಕಡಿಮೆ ಶಕ್ತಿಯ ಸಾಧನಗಳಿಗೆ ಲೈಸೆನ್ಸ್ ಬೇಡ ಎಂದಿತು. ಗೋಮಾಳದ ಹಾಗೆ ಯಾರು ಬೇಕಾದರೂ ಬಳಸಬಹುದು, ಯಾರೂ ತನ್ನದೆನ್ನುವಂತಿಲ್ಲ. ಸಾವಿರ ರೂಪಾಯಿಗೆ ರೂಟರ್ ಸಿಗುವುದರ ಹಿಂದೆ ಈ ಗೋಮಾಳವೂ ಒಂದು ಕಾರಣ.

"ನಮ್ಮಮ್ಮ ರೇಡಿಯೊ ಕೇಳಿದ್ದು ಅಡುಗೆಮನೇಲಿ ಕೂತೇ" ಎಂದರು ಅಪ್ಪ. ನಿಜ. ರೇಡಿಯೊ ಜಗಲಿಯಲ್ಲೇ ಇದ್ದರೂ ಅದರ ದನಿ ಒಳಗಿನವರೆಗೂ ಹೋಗುತ್ತಿತ್ತು. ಯಾವ ಸ್ಟೇಷನ್ ಹಾಕಬೇಕೆಂದು ಮಾತ್ರ ಅಜ್ಜಿ ಹೇಳುವ ಹಾಗಿರಲಿಲ್ಲ.

ಸುಲಭದ ದಾರಿ ರೂಟರನ್ನು ನಡುಮನೆಗೆ ತರುವುದಾಗಿತ್ತು. ಎತ್ತರದಲ್ಲಿ, ಕೊಂಬುಗಳನ್ನು ನೆಟ್ಟಗೆ ನಿಲ್ಲಿಸಿ ಇಟ್ಟರೆ ಅಲೆ ಉದ್ದಿನ ವಡೆಯ ಆಕಾರದಲ್ಲಿ ಸುತ್ತಲೂ ಹರಡುತ್ತದೆ. ಕೊಂಬಿನ ತುದಿಯ ದಿಕ್ಕಿಗೆ ಹೋಗುವುದು ಬಹಳ ಕಡಿಮೆ. ಅಟ್ಟದ ತೊಲೆಗೆ ಒಂದು ಹಲಗೆ ಹೊಡೆದು ಎರಡು ದಿನ ಇಟ್ಟು ನೋಡಿದೆವು. ಅಡುಗೆಮನೆ ಮೈನಸ್ 64ಕ್ಕೆ ಬಂತು. ಅತ್ತಿಗೆಯ ಪಾಠ ನಿಲ್ಲದೆ ಓಡಿತು. ಜಗಲಿಯಲ್ಲಿ ಮೈನಸ್ 66, ಅಪ್ಪನ ಧಾರಣೆಗೆ ಏನೂ ತೊಂದರೆಯಿಲ್ಲ.

ಮೂರನೆಯ ದಿನ ಸಂಜೆ ಅತ್ತಿಗೆಯೇ ಬಂದು, "ಅದನ್ನ ವಾಪಸ್ ಜಗಲಿಗೆ ಇಡ್ತೀಯಾ ಮಾರಾಯ್ತಿ?" ಎಂದರು.

ಕಾರಣ ಅಂಗಳದಲ್ಲಿ ನಿಂತಿತ್ತು. ನಮ್ಮ ತೋಟದ ಕೆಲಸಕ್ಕೆ ಬರುವ ದಂಪತಿಗೆ ಒಬ್ಬಳು ಮಗಳಿದ್ದಾಳೆ, ಆಗಷ್ಟೇ ಹತ್ತನೇ ಕ್ಲಾಸಿಗೆ ಕಾಲಿಟ್ಟವಳು. ಅವರ ಮನೆ ಇನ್ನೂ ತಗ್ಗಿನಲ್ಲಿ, ಅಲ್ಲಿ ಫೋನು ಬರೀ ಗಡಿಯಾರ. ದಿನಾ ಸಂಜೆ ಬಂದು ಜಗಲಿಯ ಹೊರಗಿನ ಕಟ್ಟೆಯ ತುದಿಯಲ್ಲಿ ಕೂತು ಗಣಿತದ ಪಾಠ ನೋಡಿಕೊಂಡು, ಕತ್ತಲಾಗುವ ಮೊದಲು ಹೋಗುತ್ತಿದ್ದಳು. ಪಾಸ್‌ವರ್ಡನ್ನು ಅಪ್ಪನೇ ಕೊಟ್ಟಿದ್ದರು. ರೂಟರ್ ಒಳಗೆ ಹೋದ ಮೇಲೆ ಕಟ್ಟೆಯ ತುದಿಯಲ್ಲಿ ಮೈನಸ್ 80 ದಾಟಿತ್ತು. ಎರಡು ಸಂಜೆ ಅವಳು ಬಂದು, ಫೋನನ್ನು ಎತ್ತಿ ಆ ಕಡೆ ಈ ಕಡೆ ಹಿಡಿದು, ಯಾರಿಗೂ ಏನೂ ಹೇಳದೆ ಹಿಂದಕ್ಕೆ ಹೋಗಿದ್ದಳು. ಅಡುಗೆಮನೆಯ ಕಿಟಕಿಯಿಂದ ಅದನ್ನು ನೋಡಿದವರು ಅತ್ತಿಗೆ ಒಬ್ಬರೇ.

ಹತ್ತು ಹೆಜ್ಜೆ ಮುಂದೆ ಬಂದು ಜಗಲಿಯಲ್ಲಿ ಕೂತಿದ್ದರೆ ಅವಳಿಗೆ ಸಿಗ್ನಲ್ ಸಿಗುತ್ತಿತ್ತು. ಬರಬೇಡ ಎಂದು ನಮ್ಮ ಮನೆಯಲ್ಲಿ ಯಾರೂ ಅಂದಿಲ್ಲ. ಬಾ ಎಂದೂ ಅಂದಿಲ್ಲ. ಕಟ್ಟೆಯ ತುದಿ ಎಂಬುದು ಯಾರೂ ಗೆರೆ ಎಳೆಯದೆ ಎಲ್ಲರಿಗೂ ಗೊತ್ತಿರುವ ಜಾಗ.

ರೂಟರ್ ಜಗಲಿಗೆ ಮರಳಿತು. ಅಡುಗೆಮನೆಗೆ ಬೇರೆ ದಾರಿ ಹುಡುಕಬೇಕಾಯಿತು. ಗೋಡೆಯ ಪ್ಲಗ್ಗಿಗೆ ಸಿಕ್ಕಿಸುವ ರಿಪೀಟರ್ ಎಂಬುದೊಂದಿದೆ. ಅದರ ಅಗ್ಗದ ಬಗೆ ಒಂದೇ ಕಿವಿಯಲ್ಲಿ ಕೇಳಿ ಅದೇ ಬಾಯಲ್ಲಿ ಮತ್ತೆ ಹೇಳಬೇಕಾದ್ದರಿಂದ ವೇಗ ಅರ್ಧಕ್ಕೆ ಬೀಳುತ್ತದೆ. ಅದಕ್ಕಿಂತ ಅದೇ ಜಾತಿಯ ಇನ್ನೊಂದು ಅಗ್ಗದ ರೂಟರ್ ತಂದು, ಮೊದಲನೆಯದರಿಂದ ತಂತಿ ಎಳೆದು ಜೋಡಿಸುವುದು ಲೇಸು. ಇಂಥ ತಂತಿ ನೂರು ಮೀಟರಿನವರೆಗೂ ನಡೆಯುತ್ತದೆ. ನಮಗೆ ಬೇಕಿದ್ದುದು ಇಪ್ಪತ್ತು. ಎರಡನೆಯದರಲ್ಲಿ ವಿಳಾಸ ಹಂಚುವ ಡಿಎಚ್‌ಸಿಪಿ ಆರಿಸಿ, ಅದರ ಸ್ವಂತ ವಿಳಾಸ ಬದಲಿಸಿ, ತಂತಿಯನ್ನು ಲ್ಯಾನ್ ಕಿಂಡಿಗೇ ಹಾಕಬೇಕು. ಎರಡಕ್ಕೂ ಒಂದೇ ಹೆಸರು, ಒಂದೇ ಪಾಸ್‌ವರ್ಡ್ ಇಟ್ಟರೆ ಫೋನು ತಾನೇ ಹತ್ತಿರದ್ದನ್ನು ಹಿಡಿದುಕೊಳ್ಳುತ್ತದೆ. ಇಷ್ಟು ಮಾಡಲಿಕ್ಕೆ ಎಂಜಿನಿಯರ್ ಬೇಕಿಲ್ಲ.

ಬೇಕಿದ್ದುದು ಗೋಡೆಗೆ ತೂತು. "ಎಂತ ಮಗಾ, ಅಜ್ಜ ಕಟ್ಟಿಸಿದ ಗೋಡೆ ಕೊರೀಬೇಕಾ?" ಎಂದರು ಅಪ್ಪ. ಕರೆಂಟಿನ ವೈರಿಂಗಿಗೆ, ನಲ್ಲಿಯ ಪೈಪಿಗೆ, ಟಿವಿಯ ಡಿಶ್ಶಿಗೆ ಅದೇ ಗೋಡೆಯನ್ನು ಎಷ್ಟೋ ಸಲ ಕೊರೆದಾಗಿತ್ತು. ಅದನ್ನು ನಾನು ಹೇಳುವ ಮೊದಲೇ ಅತ್ತಿಗೆ ಅಪ್ಪೆಮಿಡಿ ಉಪ್ಪಿನಕಾಯಿ ಮಾರಿದ ತಮ್ಮ ದುಡ್ಡಿನಿಂದ ರೂಟರಿಗೂ ತಂತಿಗೂ ಆಗುವಷ್ಟನ್ನು ತಂದು ಮೇಜಿನ ಮೇಲಿಟ್ಟರು. ಅಪ್ಪ ಆ ನೋಟುಗಳನ್ನು ನೋಡಿದರು. "ಕರೆಂಟಿನವನಿಗೆ ನಾನೇ ಫೋನ್ ಮಾಡ್ತೀನಿ" ಎಂದು ಎದ್ದು ಹೋದರು.

ಈಗ ಅಡುಗೆಮನೆಯ ಒಲೆಯ ಹತ್ತಿರ ಮೈನಸ್ 45, ಅಪ್ಪನ ಕುರ್ಚಿಗಿಂತ ಜಾಸ್ತಿ. ಅಗ್ಗದ ಡಬ್ಬಿಯ ಕಷ್ಟಗಳು ಇದ್ದೇ ಇವೆ. ನೆನಪಿನ ಶಕ್ತಿ ಕಡಿಮೆ, ಬಿಸಿಯಾದರೆ ಮಂಕಾಗುತ್ತದೆ. ವಾರಕ್ಕೊಮ್ಮೆ ಆರಿಸಿ ಹಾಕಬೇಕು. ಗುಡುಗು ಶುರುವಾದರೆ ಅಡಾಪ್ಟರನ್ನೂ ಎರಡು ಡಬ್ಬಿಗಳ ನಡುವಿನ ತಂತಿಯನ್ನೂ ಕಳಚಿಡಬೇಕು. ಫೈಬರ್ ಗಾಜಿನ ಎಳೆಯಾದ್ದರಿಂದ ಅದರಲ್ಲಿ ಮಿಂಚು ಹರಿಯದಿದ್ದರೂ ತಾಮ್ರದಲ್ಲಿ ಹರಿಯುತ್ತದೆ. ಅಡಾಪ್ಟರ್ ಸುಟ್ಟರೆ 9 ವೋಲ್ಟಿನದೋ 12 ವೋಲ್ಟಿನದೋ ನೋಡಿ ಅದೇ ತರಬೇಕು. ಮಳೆ ಬಂದರೆ ವೈಫೈ ಹೋಗುತ್ತದೆ ಎಂದು ಊರಲ್ಲಿ ಎಲ್ಲರೂ ಹೇಳುತ್ತಾರೆ. ಮನೆಯೊಳಗಿನ ಅಲೆಗೆ ಹೊರಗಿನ ಮಳೆಯ ಹಂಗಿಲ್ಲ, ಹೋಗುವುದು ಕರೆಂಟು. ಅತ್ತಿಗೆ ಇದನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ಫ್ರಿಜ್ಜಿಗೆ ಅಂಟಿಸಿದ್ದಾರೆ. ಪಕ್ಕದೂರಿನ ಇಬ್ಬರು ಹೆಂಗಸರು ಅದರ ಫೋಟೊ ತೆಗೆದುಕೊಂಡು ಹೋಗಿದ್ದಾರೆ. ಟಿಇಟಿಗೆ ಅರ್ಜಿ ಹಾಕಿಯಾಗಿದೆ.

ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ಜಗಲಿಯ ಕಟ್ಟೆಗೆ ಎರಚಲು ಹೊಡೆಯತೊಡಗಿತು. ಹುಡುಗಿಗೆ ಕೂರಲು ಜಾಗವಿಲ್ಲ. ಅತ್ತಿಗೆ ಅವಳನ್ನು ಹಿತ್ತಿಲ ಬಾಗಿಲಿನಿಂದ ಕರೆದು, ಅಡುಗೆಮನೆಯ ಹೊರಗೆ ಕಟ್ಟಿಗೆ ಒಟ್ಟುವ ಸೂರಿನ ಕೆಳಗೆ ಒಂದು ಮಣೆ ಹಾಕಿಕೊಟ್ಟರು. ಈಗ ಅವಳು ಅಲ್ಲಿ, ಅತ್ತಿಗೆ ಒಳಗೆ. ನಡುವೆ ತೆರೆದ ಬಾಗಿಲು. ಬೀಜಗಣಿತದಲ್ಲಿ ತೊಡಕು ಬಂದರೆ ಅಲ್ಲಿಂದಲೇ ಕೇಳುತ್ತಾಳೆ, ಅತ್ತಿಗೆ ಸೌಟು ಹಿಡಿದೇ ಉತ್ತರ ಹೇಳುತ್ತಾರೆ. ಅವಳು ಮನೆಯ ಮುಂದಿನಿಂದ ಹಿಂದಕ್ಕೆ ಬಂದಿದ್ದಾಳೆ, ಆದರೆ ಸುತ್ತು ಹಾಕಿಕೊಂಡು, ಹೊರಗಿನಿಂದಲೇ. ನಡುಮನೆಯಲ್ಲಿ ಈಗ ಎರಡೂ ಡಬ್ಬಿಗಳ ಸಿಗ್ನಲ್ ಸಿಗುತ್ತದೆ. ಸಂಜೆ ಹೊತ್ತು ಅಲ್ಲಿ ಯಾರೂ ಕೂರುವುದಿಲ್ಲ.