ಹಳೆಯ ಫಿಯಟ್ಟಿಗೊಂದು ಉಕ್ಕಿನ ಕಮಾನು

ಎತ್ತಿನ ಗಾಡಿಗೆ ಮೂಕಿ, ಅಚ್ಚುಗಳಿರುವಂತೆ ಲಾರಿ, ಜೀಪುಗಳಿಗೆ ಚಾಸಿಯೆಂಬ ಉಕ್ಕಿನ ಚೌಕಟ್ಟು ಇರುತ್ತದೆ. ಮೇಲಿನ ಮೈಯನ್ನು ಕಳಚಿಟ್ಟರೂ ಅದು ತನ್ನ ಚಕ್ರಗಳ ಮೇಲೆ ತಾನು ನಿಲ್ಲಬಲ್ಲದು. ಆದರೆ ನಮ್ಮ ಮಧ್ಯಮವರ್ಗದ ಮನೆಗಳಲ್ಲಿ ದಶಕಗಳ ಕಾಲ ಬಾಳಿದ ಫಿಯಟ್ ಮತ್ತು ಅಂಬಾಸಡರ್ ಕಾರುಗಳ ಮಾತು ಬೇರೆ. ಅವುಗಳಿಗೆ ಅಂತಹ ಪ್ರತ್ಯೇಕ ಚೌಕಟ್ಟಿಲ್ಲ. ನೆಲ, ಬಾಗಿಲ ಕೆಳಗಿನ ಹೊಸ್ತಿಲು, ಕಂಬ, ಚಾವಣಿ ಎಲ್ಲವೂ ಒಂದಕ್ಕೊಂದು ಬೆಸೆದುಕೊಂಡು ತೆಂಗಿನ ಚಿಪ್ಪಿನಂತೆ ಒಟ್ಟಾಗಿ ಭಾರ ಹೊರುತ್ತವೆ. ಇಟಲಿಯ ಲಾನ್ಚಿಯಾ ಕಂಪನಿಯು 1922ರಲ್ಲಿ ತನ್ನ ಲಾಂಬ್ಡಾ ಕಾರಿನಲ್ಲಿ ತೋರಿದ ಈ ಏಕಕಾಯದ ಮಾರ್ಗವನ್ನು ಫಿಯಟ್ ಕಂಪನಿಯು 1953ರ ತನ್ನ 1100 ಮಾದರಿಗೆ ಅಳವಡಿಸಿತು. ಅದೇ ವಂಶದ ಕುಡಿಯು ಮುಂಬಯಿಯ ಕುರ್ಲಾದಲ್ಲಿ ತಯಾರಾಗಿ, ಮುಂದೆ ಪ್ರೀಮಿಯರ್ ಪದ್ಮಿನಿ ಎಂಬ ಹೆಸರು ಪಡೆಯಿತು.

ಹೊಸೂರಿನ ನಮ್ಮ ಮನೆಗೆ ಪದ್ಮಿನಿಯನ್ನು ತಂದವರು ನಮ್ಮ ತಂದೆ; ಅದು 1979ರ ಮಾತು. ಮದುವೆ, ಮುಂಜಿ, ಹೆರಿಗೆ, ತಾಳವಾಡಿಯ ಬಂಧುಗಳ ಮನೆಯ ಹಬ್ಬ—ಯಾವುದಕ್ಕೂ ಅದು ಇಲ್ಲವೆನ್ನಲಿಲ್ಲ. ಹಿಂದಿನ ಆಸನದ ಎಡಮೂಲೆ ನಮ್ಮ ತಾಯಿಯದು. ತಂದೆ ತೀರಿಕೊಂಡ ಬಳಿಕ ಕೊಟ್ಟಿಗೆಯಲ್ಲಿ ನಿಂತ ಆ ಗಾಡಿಯ ಮೇಲೆ ಕಣ್ಣಿಟ್ಟವನು ನಮ್ಮ ತಮ್ಮನ ಮಗ. ಚೆನ್ನೈ ರಸ್ತೆಯಲ್ಲಿ ಶ್ರೀಪೆರುಂಬುದೂರಿನ ಬಳಿ ಇರುಂಗಾಟ್ಟುಕೋಟ್ಟೈ ಎಂಬಲ್ಲಿ ಕಾರುಗಳನ್ನು ಓಡಿಸಲೆಂದೇ ಕಟ್ಟಿದ ಪಥವೊಂದಿದೆ. ಅಲ್ಲಿ ತಾತನ ಕಾರನ್ನು ಓಡಿಸಬೇಕೆಂಬುದು ಅವನ ಹಂಬಲ.

“ಓಡಿಸುವುದು ಸರಿ, ಮಗುಚಿದರೆ?” ಎಂದು ನಾವು ಕೇಳಿದೆವು.

“ಅದಕ್ಕೇ ರೋಲ್ ಬಾರ್ ಹಾಕಿಸೋಣ ದೊಡ್ಡಪ್ಪ” ಎಂದನು.

ರೋಲ್ ಬಾರ್ ಎಂದರೆ ಮುಂದಿನ ಆಸನಗಳ ಬೆನ್ನಿಗೆ, ಒಂದು ಪಕ್ಕದ ನೆಲದಿಂದ ಎದ್ದು, ಚಾವಣಿಯನ್ನು ಅನುಸರಿಸಿ, ಇನ್ನೊಂದು ಪಕ್ಕದ ನೆಲಕ್ಕೆ ಇಳಿಯುವ ಉಕ್ಕಿನ ಕೊಳವೆಯ ಕಮಾನು. ಅದು ಹಿಂದಕ್ಕೆ ವಾಲದಂತೆ ಹಿಂಚಕ್ರಗಳ ಕಡೆಗೆ ಎರಡು ಊರುಗೋಲುಗಳಿರುತ್ತವೆ. ಕಾರು ತಲೆಕೆಳಗಾದಾಗ ತೆಳುತಗಡಿನ ಚಾವಣಿ ಕುಸಿದರೂ ಚಾಲಕನ ತಲೆಯ ಮೇಲೆ ಒಂದಿಷ್ಟು ಆಕಾಶ ಉಳಿಯಲಿ ಎಂಬುದೇ ಅದರ ಉದ್ದೇಶ.

ನಾವು ಮೊದಲು ವಿಚಾರಿಸಿದ ಕಾರ್ಖಾನೆಯವರು ನೀರಿನ ಜಿ.ಐ. ಪೈಪನ್ನು ಬಗ್ಗಿಸಿ, ನೆಲಕ್ಕೆ ನಾಲ್ಕು ಬೋಲ್ಟು ಬಿಗಿದು, ಎರಡೇ ದಿನಗಳಲ್ಲಿ ಮುಗಿಸಿಕೊಡುವುದಾಗಿ ಹೇಳಿದರು. ಅಗ್ಗವೇನೋ ಹೌದು; ಆದರೆ ಬಾವಿಯ ನೀರು ಹೊರಲು ಮಾಡಿದ ಕೊಳವೆ ಮನುಷ್ಯನ ಪ್ರಾಣವನ್ನು ಹೊರಲಾರದು. ಅಂತರರಾಷ್ಟ್ರೀಯ ಮೋಟಾರು ಒಕ್ಕೂಟವಾದ ಎಫ್.ಐ.ಎ.ಯ ನಿಯಮದಂತೆ ಮುಖ್ಯ ಕಮಾನಿಗೆ ತಣ್ಣಗೆ ಎಳೆದು ಮಾಡಿದ, ಬೆಸುಗೆಗೆರೆಯಿಲ್ಲದ ಉಕ್ಕಿನ ಕೊಳವೆ ಬೇಕು. ಹೊರವ್ಯಾಸ 45 ಮಿಲಿಮೀಟರ್ ಇದ್ದರೆ ದಪ್ಪ 2.5 ಮಿಲಿಮೀಟರ್, ವ್ಯಾಸ 50 ಇದ್ದರೆ ದಪ್ಪ 2 ಮಿಲಿಮೀಟರ್. ಕಾಯಿಸದೆಯೇ ಬಗ್ಗಿಸಬೇಕು, ಬಾಗಿದ ಕಡೆ ಸುಕ್ಕು ಬೀಳಕೂಡದು.

ಕೊನೆಗೆ ಈ ಕೆಲಸವನ್ನು ಹಿಂದೆ ಮಾಡಿ ಬಲ್ಲ ಹಿರಿಯ ಮೇಸ್ತ್ರಿಯೊಬ್ಬರು ದೊರೆತರು. ಅವರು ಕೊಳವೆಯ ಮಾತನ್ನೇ ಎತ್ತಲಿಲ್ಲ. ಕಾರಿನೊಳಗಿನ ನೆಲಹಾಸನ್ನು ಸುತ್ತಿ ಹೊರಗಿಟ್ಟು, ಸ್ಕ್ರೂಡ್ರೈವರಿನ ಹಿಡಿಯಿಂದ ನೆಲವನ್ನು ವೈದ್ಯರು ಎದೆ ಬಡಿದು ನೋಡುವಂತೆ ಬಡಿಯುತ್ತ ಹೋದರು. ಮೊದಮೊದಲು ಟಣ್ ಎಂದ ಸದ್ದು ಹೊಸ್ತಿಲ ಬಳಿ ಮಂಕಾಯಿತು. ಹಿಡಿ ತಿರುಗಿಸಿ ಮೊನೆಯಿಂದ ಒತ್ತಿದೊಡನೆ ಅದು ತಗಡಿನೊಳಕ್ಕೆ ಇಳಿದುಹೋಯಿತು. ಮೇಲೆ ಬಣ್ಣ, ಕೆಳಗೆ ತುಕ್ಕು!

“ಕಮಾನು ಎಷ್ಟು ಗಟ್ಟಿಯಾಗಿದ್ದರೇನು ಸ್ವಾಮಿ, ಕಾರು ಮಗುಚಿದಾಗ ಅದರ ಕಾಲು ಈ ನೆಲವನ್ನು ತೂತುಮಾಡಿಕೊಂಡು ಆಚೆ ಹೋಗುತ್ತದೆ” ಎಂದರು.

ಏಕಕಾಯದ ಕಾರಿನ ಮರ್ಮವೆಲ್ಲ ಈ ಮಾತಿನಲ್ಲಿದೆ. ಚಾಸಿಯುಳ್ಳ ಗಾಡಿಯಲ್ಲಿ ಕಮಾನಿನ ಕಾಲಿಗೆ ಚೌಕಟ್ಟಿನ ಆಸರೆ ಸಿಗುತ್ತದೆ. ಇಲ್ಲಿ ಸಿಗುವುದು ಬರಿಯ ತಗಡು. ಕೆಸರಿನಲ್ಲಿ ಕೋಲು ಊರಿದರೆ ಅದು ಇಳಿಯುತ್ತದೆ, ಹಲಗೆ ಹಾಸಿ ಊರಿದರೆ ನಿಲ್ಲುತ್ತದೆ. ಅಂತಹ ಹಲಗೆಯೇ ಬಲವರ್ಧಕ ಫಲಕ. ಮುಖ್ಯ ಕಮಾನಿನ ಪ್ರತಿಯೊಂದು ಕಾಲಿನ ಕೆಳಗೆ ಕನಿಷ್ಠ 3 ಮಿಲಿಮೀಟರ್ ದಪ್ಪದ, 120 ಚದರ ಸೆಂಟಿಮೀಟರ್ ವಿಸ್ತಾರದ ಉಕ್ಕಿನ ಫಲಕವನ್ನು ಕಾರಿನ ಮೈಗೆ ಬೆಸೆದು, 8 ಮಿಲಿಮೀಟರಿನ ಮೂರು ಬೋಲ್ಟುಗಳಿಂದಲಾದರೂ ಕಾಲನ್ನು ಬಿಗಿಯಬೇಕು. ನೆಲ ಮತ್ತು ಹೊಸ್ತಿಲು ಕೂಡುವ ಮಡಿಕೆಯೇ ಅದಕ್ಕೆ ತಕ್ಕ ಜಾಗ. ಆದರೆ ಬೆಸುಗೆಯು ತುಕ್ಕನ್ನು ಹಿಡಿಯುವುದಿಲ್ಲ. ಆದುದರಿಂದ ಕೊಳೆತ ತಗಡನ್ನು ಕತ್ತರಿಸಿ ಹೊಸದನ್ನು ಕೂರಿಸುವ ಟಿಂಕರಿಂಗ್ ಕೆಲಸವೇ ಮೊದಲಾಗಬೇಕಾಯಿತು.

ಇಷ್ಟರಲ್ಲಿ ಮನೆಯೊಳಗೆ ಬೇರೊಂದು ಪ್ರಶ್ನೆ ಎದ್ದಿತು. ಕಮಾನಿನ ಊರುಗೋಲುಗಳು ಹಾದುಹೋಗುವುದು ಹಿಂದಿನ ಆಸನದ ಜಾಗದಲ್ಲಿ. ಆಸನ ಉಳಿಸಿಕೊಂಡು ಎರಡೂ ಕೆಲಸಕ್ಕೆ ಬಳಸೋಣವೆಂದು ತಮ್ಮ ಸೂಚಿಸಿದನು. ಅದಕ್ಕೆ ನಾವು ಒಪ್ಪಲಿಲ್ಲ. ಪಥದಲ್ಲಿ ಓಡಿಸುವವನು ಶಿರಸ್ತ್ರಾಣ ಧರಿಸಿ, ಪಟ್ಟಿಗಳಿಂದ ಬಿಗಿದುಕೊಂಡು ಕೂತಿರುತ್ತಾನೆ. ಬರಿದಲೆಯ ಸಂಸಾರಸ್ಥರಿಗೆ ಅದೇ ಕೊಳವೆ ಶತ್ರುವಾಗುತ್ತದೆ. ಹಿಂದಿನಿಂದ ಯಾರಾದರೂ ಗುದ್ದಿದರೆ ತಲೆ ಹೋಗಿ ಬಡಿಯುವುದು ಉಕ್ಕಿಗೇ. ಮೇಲಾಗಿ, ತಯಾರಕರು ಕೊಟ್ಟ ವಿವರಗಳಿಗೆ ವಿರುದ್ಧವಾಗಿ ವಾಹನವನ್ನು ಮಾರ್ಪಡಿಸುವಂತಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2019ರ ಜನವರಿಯಲ್ಲಿ, ಕೇರಳದಿಂದ ಬಂದ ಮೊಕದ್ದಮೆಯೊಂದರಲ್ಲಿ, ತೀರ್ಪಿತ್ತಿದೆ. ಹೀಗಾಗಿ ಕಾರು ಮನೆಯದಾಗಿ ಉಳಿಯಬೇಕು, ಇಲ್ಲವೇ ಪಥದ್ದಾಗಬೇಕು, ಎರಡರಲ್ಲೊಂದು.

ತೀರ್ಮಾನಿಸಿದವರು 85 ದಾಟಿದ ನಮ್ಮ ತಾಯಿ. “ನಾನು ಕೂರುವ ಜಾಗ ಹೋದರೆ ಹೋಗಲಿ. ಅವನು ಹೇಗೂ ಓಡಿಸುವವನೇ, ತಲೆ ಕಾಯುವುದನ್ನು ನೆಟ್ಟಗೆ ಮಾಡಿಸಿಕೊಡಿ” ಎಂದರು. ನಾವಾರೂ ಮರುನುಡಿಯಲಿಲ್ಲ.

ಬ್ಯಾಟರಿಯ ತಂತಿ ಬಿಚ್ಚಿ, ಪೆಟ್ರೋಲ್ ಟ್ಯಾಂಕನ್ನು ಇಳಿಸಿ ದೂರವಿಟ್ಟು, ಆಸನಗಳನ್ನು ತೆಗೆದ ಮೇಲೆಯೇ ಮೇಸ್ತ್ರಿಯವರು ಬೆಸುಗೆಗೆ ಕುಳಿತರು. ಫಲಕಗಳು ಕೂತವು, ಕಮಾನು ನಿಂತಿತು, ತಲೆ ತಾಗಬಹುದಾದ ಕಡೆಗೆಲ್ಲ ಗಡುಸಾದ ಮೆತ್ತೆಯನ್ನು ಸುತ್ತಲಾಯಿತು. ಇದು ಪೂರ್ಣ ಪಂಜರವಲ್ಲ. ಮುಂಗಾಜಿನ ಮೇಲಿನ ಚಾವಣಿಗೆ ಇದರ ಕಾವಲಿಲ್ಲ. ಸ್ಪರ್ಧೆಗೆ ಇಳಿಯುವುದಾದರೆ ಆ ವರ್ಗದ ನಿಯಮ ನೋಡಿ ಪಂಜರವನ್ನೇ ಕಟ್ಟಿಸಬೇಕೆಂದು ಹುಡುಗನಿಗೆ ಅವರು ಎರಡು ಬಾರಿ ಹೇಳಿದರು. ಈಗ ಕಾರು ಪಥಕ್ಕೆ ಹೋಗುವುದು ಲಾರಿಯ ಮೇಲೆ.

ಹಳೆಯ ಕಾರಿನ ಮೋಹವುಳ್ಳ ಮನೆಗಳು ನಮ್ಮ ಗಡಿನಾಡಿನಲ್ಲಿ ಇನ್ನೂ ಇವೆ. ಅಂತಹವರಿಗೆ ನಮ್ಮ ಬಿನ್ನಹ ಇಷ್ಟೇ: ಕೊಳವೆಗೆ ಹಣ ಕೊಡುವ ಮೊದಲು ನೆಲಹಾಸನ್ನು ಎತ್ತಿ ನೋಡಿರಿ.

ಕಳಚಿದ ಹಿಂದಿನ ಆಸನವನ್ನು ನಾವು ಜಗಲಿಯಲ್ಲಿ ಹಾಕಿಸಿದ್ದೇವೆ. ಸಂಜೆಯ ಹೊತ್ತು ತಾಯಿ ಅದರ ಎಡಮೂಲೆಯಲ್ಲಿ ಕುಳಿತು ಹೂ ಕಟ್ಟುತ್ತಾರೆ.