ಮುಂದಿನ ವರ್ಷ ನೋಡೋಣ

ಕಳೆದ ದಸರಾ ರಜೆಯಲ್ಲಿ ನನ್ನ ಮೊಮ್ಮಗನು ನನಗೊಂದು ಮನವಿಪತ್ರವನ್ನು ಸಲ್ಲಿಸಿದನು. ‘ಇವರಿಂದ’, ‘ಇವರಿಗೆ’, ‘ವಿಷಯ’ ಎಂಬ ಅಂಗಗಳೆಲ್ಲವೂ ಕ್ರಮವಾಗಿದ್ದುವು. ವಿಷಯದ ಮುಂದೆ ‘ಹೊಸ ಗೇಮ್ ಕನ್ಸೋಲನ್ನು ಕೊಡಿಸುವ ಬಗ್ಗೆ’ ಎಂದು ಬರೆದು ಅಡಿಗೆರೆ ಎಳೆದಿದ್ದನು. ಮೂವತ್ತನಾಲ್ಕು ವರ್ಷ ಕನ್ನಡ ಪಾಠ ಹೇಳಿದ ಕೈ ಸುಮ್ಮನಿರಲಾರದು. ಮೊದಲು ಕೆಂಪು ಶಾಯಿಯಿಂದ ಎರಡು ಕಾಗುಣಿತದ ತಪ್ಪುಗಳನ್ನು ತಿದ್ದಿ, ಅನಂತರ ವಿಷಯಕ್ಕೆ ಬಂದೆ.

ಕನ್ಸೋಲ್ ಎಂದರೆ ಟಿ.ವಿ.ಗೆ ಜೋಡಿಸಿ ಆಟವಾಡುವ ಯಂತ್ರ. ನಮ್ಮ ಮನೆಯಲ್ಲಿ ಅದು ಇಲ್ಲವೆಂದಲ್ಲ. ಜಪಾನಿನ ಸೋನಿ ಸಂಸ್ಥೆಯವರು 2013ರಲ್ಲಿ ಹೊರತಂದ ನಾಲ್ಕನೆಯ ಪ್ಲೇಸ್ಟೇಷನ್ ನಮ್ಮ ಟಿ.ವಿ.ಯ ಕೆಳಗೆ ಕರಿಯ ಇಟ್ಟಿಗೆಯಂತೆ ಕುಳಿತಿದೆ. ಮೊಮ್ಮಗನು ಬೇಡಿದ್ದು ಐದನೆಯದನ್ನು. ಅದು 2020ರ ನವೆಂಬರಿನಲ್ಲಿ ಹೊರಬಂದಿತು. 2021ರ ಫೆಬ್ರವರಿ 2ರಂದು ನಮ್ಮ ದೇಶದ ಅಂಗಡಿಗಳಿಗೆ ಬಂದಾಗ ಅದರ ಬೆಲೆ 49,990 ರೂಪಾಯಿ. 2022ರ ಕೊನೆಯ ವೇಳೆಗೆ ಅದು 54,990 ಆಯಿತು.

“ಇರುವ ಯಂತ್ರ ಕೆಟ್ಟಿದೆಯೇನಪ್ಪ?” ಎಂದು ಕೇಳಿದೆ.

“ಇಲ್ಲ ತಾತ, ಚೆನ್ನಾಗಿಯೇ ಇದೆ. ಆದರೆ ಅದು ಹಿಂದಿನ ಪೀಳಿಗೆಯದು.”

ನಾನೂ ಹಿಂದಿನ ಪೀಳಿಗೆಯವನೇ ಆದುದರಿಂದ ಆ ಮಾತು ನನಗೆ ಸ್ವಲ್ಪ ತಾಗಿತು. ಮನುಷ್ಯರಲ್ಲಿ ಒಂದು ಪೀಳಿಗೆಗೆ ಇಪ್ಪತ್ತೈದು ಮೂವತ್ತು ವರ್ಷ ಹಿಡಿಯುತ್ತದೆ. ಈ ಯಂತ್ರಗಳಲ್ಲಿ ಆರೇಳು ವರ್ಷ ಸಾಕು. 1972ರಲ್ಲಿ ಅಮೆರಿಕದಲ್ಲಿ ಇಂಥ ಮೊದಲ ಯಂತ್ರ ಮಾರಾಟಕ್ಕೆ ಬಂದಿತು. ಅಲ್ಲಿಂದ ಎಣಿಸಿದರೆ ನನ್ನ ಮೊಮ್ಮಗನು ಕೇಳಿದ ಯಂತ್ರ ಒಂಬತ್ತನೆಯ ಪೀಳಿಗೆಗೆ ಸೇರಿದ್ದು. ನನ್ನ ವಂಶದಲ್ಲಿ ಒಂಬತ್ತು ತಲೆಮಾರುಗಳ ಹಿಂದೆ ಯಾರಿದ್ದರೆಂಬುದನ್ನು ಹೇಳಬಲ್ಲವರು ಯಾರೂ ಇಲ್ಲ. ಇಲ್ಲಿ ಅಷ್ಟು ತಲೆಮಾರುಗಳು ನಾನು ನೋಡುನೋಡುತ್ತಿದ್ದಂತೆಯೇ ಬಂದುಹೋದುವು!

ಐವತ್ತೈದು ಸಾವಿರವೆಂದರೆ ಪಿಂಚಣಿದಾರನಿಗೆ ಸಣ್ಣ ಮೊತ್ತವಲ್ಲ. “ವಿಚಾರಿಸಿ ತಿಳಿಸುತ್ತೇನೆ” ಎಂದು ಹಳೆಯ ಮುಖ್ಯೋಪಾಧ್ಯಾಯನ ಗತ್ತಿನಲ್ಲಿ ಹೇಳಿ, ಈ ಯಂತ್ರಗಳ ಚರಿತ್ರೆಯನ್ನು ಓದತೊಡಗಿದೆ. ಮಗನು ಬೇಕಾದುದನ್ನೆಲ್ಲ ಹುಡುಕಿ ಕೊಟ್ಟನು. ಪ್ರತಿಯೊಂದು ಹೊಸ ಪೀಳಿಗೆಯ ಸಮಯದಲ್ಲಿಯೂ ಒಂದೇ ಪ್ರಶ್ನೆ ಏಳುತ್ತದೆ: ಕೊಳ್ಳುವವರು ಇದಕ್ಕೆ ಸಿದ್ಧರಾಗಿದ್ದಾರೆಯೇ? ಇದು ಮಾರುವವರ ಪ್ರಶ್ನೆ. ಆದರೂ ಅದಕ್ಕೆ ದೊರೆತ ಉತ್ತರಗಳು ನನ್ನನ್ನು ಹಿಡಿದು ಕೂರಿಸಿದುವು.

1983ರಲ್ಲಿ ಅಮೆರಿಕದ ಜನ ಇದಕ್ಕೆ ‘ಇಲ್ಲ’ ಎಂದೇ ಉತ್ತರ ಕೊಟ್ಟರು. ಅಲ್ಲಿ ಹಲವು ಬಗೆಯ ಯಂತ್ರಗಳು, ಲೆಕ್ಕವಿಲ್ಲದಷ್ಟು ಕಳಪೆ ಆಟಗಳು ಒಟ್ಟಿಗೇ ಅಂಗಡಿಗಳಲ್ಲಿ ರಾಶಿಬಿದ್ದಿದ್ದುವು. ಹೆಸರಾಂತ ಚಲನಚಿತ್ರವೊಂದನ್ನು ಅವಲಂಬಿಸಿದ ‘ಇ.ಟಿ.’ ಎಂಬ ಆಟವನ್ನು ಹಬ್ಬದ ಮಾರಾಟಕ್ಕೆಂದು ಐದಾರು ವಾರಗಳಲ್ಲಿ ಸಿದ್ಧಪಡಿಸಿದ್ದರಂತೆ. ಜನ ಬೇಸತ್ತರು. ಅಟಾರಿ ಎಂಬ ದೊಡ್ಡ ಸಂಸ್ಥೆ ಮಾರಾಟವಾಗದ ಸರಕನ್ನು ನ್ಯೂ ಮೆಕ್ಸಿಕೊ ಪ್ರಾಂತದ ಅಲಮೊಗೋರ್ಡೊ ಪಟ್ಟಣದ ಕಸದ ಹಳ್ಳದಲ್ಲಿ ಹೂಳಿತು. ಅದು ಬರಿಯ ಕಟ್ಟುಕಥೆಯೆಂದು ಎಷ್ಟೋ ಜನ ನಂಬಿದ್ದರು. 2014ರಲ್ಲಿ ಅಗೆದು ನೋಡಿದಾಗ ಕ್ಯಾಸೆಟ್ಟುಗಳು ನಿಜವಾಗಿಯೂ ಹೊರಬಂದುವು.

ಅದೇ 1983ರಲ್ಲಿ ಜಪಾನಿನಲ್ಲಿ ಬೇರೆಯೇ ಕಥೆ ನಡೆಯುತ್ತಿತ್ತು. ಕ್ಯೋಟೊ ನಗರದ ನಿಂಟೆಂಡೊ 1889ರಲ್ಲಿ ಇಸ್ಪೀಟಿನಂಥ ಹೂವಿನ ಚಿತ್ರದ ಎಲೆಗಳನ್ನು ಮಾಡುವ ಅಂಗಡಿಯಾಗಿ ಹುಟ್ಟಿದ ಸಂಸ್ಥೆ. ಅದು ತಯಾರಿಸಿದ ಯಂತ್ರ ಅಲ್ಲಿ ಮನೆಮನೆಗೆ ಹೋಯಿತು. ಆದರೆ ಅದನ್ನು ಅಮೆರಿಕಕ್ಕೆ ಒಯ್ಯುವುದು ಹೇಗೆ? ಅಲ್ಲಿಯ ಅಂಗಡಿಯವರು ವಿಡಿಯೋ ಗೇಮ್ ಎಂಬ ಹೆಸರು ಕೇಳಿದರೇ ಬೆಚ್ಚುತ್ತಿದ್ದರು. ನಿಂಟೆಂಡೊದವರು ಯಂತ್ರಕ್ಕೆ ವಿಡಿಯೋ ಕ್ಯಾಸೆಟ್ ಪೆಟ್ಟಿಗೆಯ ರೂಪ ಕೊಟ್ಟು, ‘ಮನರಂಜನಾ ವ್ಯವಸ್ಥೆ’ ಎಂದು ಹೆಸರಿಟ್ಟು, ಜೊತೆಗೊಂದು ಪುಟ್ಟ ಯಂತ್ರಮಾನವನನ್ನು ಕೂರಿಸಿ 1985ರಲ್ಲಿ ನ್ಯೂಯಾರ್ಕಿಗೆ ತಂದರು. ವೇಷ ಮರೆಸಿ ಊರನ್ನು ಹೊಕ್ಕ ರಾಜಕುಮಾರನ ಕಥೆಯಂತಿದೆ ಇದು. ಸಿದ್ಧರಿಲ್ಲದವರೆಂದು ಎಲ್ಲರೂ ಕೈಬಿಟ್ಟಿದ್ದ ಜನ ಕೆಲವೇ ವರ್ಷಗಳಲ್ಲಿ ಅದನ್ನು ಲಕ್ಷಗಟ್ಟಲೆ ಕೊಂಡರು.

ಆಮೇಲಿನ ಪೀಳಿಗೆಗಳಲ್ಲಿ ಎರಡು ಯಂತ್ರಗಳು ನನಗೆ ಹಿಡಿಸಿದುವು. 2000ದಲ್ಲಿ ಬಂದ ಎರಡನೆಯ ಪ್ಲೇಸ್ಟೇಷನ್ ಹಳೆಯ ಯಂತ್ರದ ತಟ್ಟೆಗಳನ್ನೂ ಆಡಿಸುತ್ತಿತ್ತು, ಚಲನಚಿತ್ರದ ಡಿ.ವಿ.ಡಿ.ಯನ್ನೂ ತೋರಿಸುತ್ತಿತ್ತು. ಮನೆಯಲ್ಲಿದ್ದ ಹಳೆಯ ಸಾಮಾನಿಗೆ ಅದು ‘ಆಚೆ ಹೋಗು’ ಎನ್ನಲಿಲ್ಲ. ಲೋಕದಲ್ಲಿ ಹದಿನೈದು ಕೋಟಿಗೂ ಹೆಚ್ಚು ಮಾರಾಟವಾಯಿತು. ಇನ್ನೊಂದು, 2006ರ ನಿಂಟೆಂಡೊ ವೀ. ಆ ವರ್ಷವೇ ಬಂದ ಮೂರನೆಯ ಪ್ಲೇಸ್ಟೇಷನ್ನಿನ ಬೆಲೆ ಅಮೆರಿಕದಲ್ಲಿ 499 ಮತ್ತು 599 ಡಾಲರ್. ವೀ ಯಂತ್ರದ್ದು 250. ಶಕ್ತಿಯಲ್ಲಿ ಅದು ಬಹಳ ಕಡಿಮೆಯದು. ಆದರೆ ಕೈಯಲ್ಲಿ ಹಿಡಿದ ಕೋಲನ್ನು ಬೀಸಿದರೆ ತೆರೆಯ ಮೇಲೆ ಚೆಂಡು ಉರುಳುತ್ತಿತ್ತು. ಗುಂಡಿಗಳ ಗೊಡವೆ ಕಡಿಮೆಯಾದುದರಿಂದ ಅಜ್ಜಿಯರೂ ಎದ್ದು ನಿಂತರು. ಅಮೆರಿಕದ ವೃದ್ಧಾಶ್ರಮಗಳಲ್ಲಿಯೂ ಚೆಂಡು ಉರುಳಿಸುವ ಪಂದ್ಯಗಳು ನಡೆದುವು. ಅದು ಹತ್ತು ಕೋಟಿಯನ್ನು ದಾಟಿತು. ಇಷ್ಟಾದರೂ ಅದೇ ಸಂಸ್ಥೆ 2012ರಲ್ಲಿ ತಂದ ವೀ ಯು ಎಂಬುದನ್ನು ಬಹುಮಂದಿ ಹಳೆಯ ಯಂತ್ರಕ್ಕೆ ಸೇರಿಸುವ ಬಿಡಿಭಾಗವೆಂದೇ ತಿಳಿದು ಕೊಳ್ಳದೆ ಹೋದರು! ಹೆಸರಿಡುವುದರಲ್ಲಿ ಎಡವಿದರೆ ಏನಾಗುತ್ತದೆಂಬುದನ್ನು ಭಾಷೆಯ ಮೇಷ್ಟರಿಗೆ ಬೇರೆ ಹೇಳಬೇಕಾಗಿಲ್ಲ.

ಬೆಲೆಯ ವಿಚಾರವೊಂದು ಉಳಿಯಿತು. ಹಿಂದೆಲ್ಲ ಕಾದವನಿಗೆ ಲಾಭವಿತ್ತು. ಎರಡನೆಯ ಪ್ಲೇಸ್ಟೇಷನ್ ಅಮೆರಿಕದಲ್ಲಿ 299 ಡಾಲರಿಗೆ ಬಂದು, 2002ರಲ್ಲಿಯೇ 199ಕ್ಕೆ ಇಳಿದಿತ್ತು. ಐದನೆಯದು 499ಕ್ಕೆ ಬಂದು, ಸುಮಾರು ಐದು ವರ್ಷ ಹಳೆಯದಾದ ಮೇಲೆ, 2025ರಲ್ಲಿ, 549ಕ್ಕೆ ಏರಿತು. ಮುದಿಯಾದಂತೆಲ್ಲ ಬೆಲೆ ಏರುವ ಸಾಮಾನನ್ನು ನಾನು ಅಂಗಡಿಯಲ್ಲಿ ಕಂಡದ್ದು ಕಡಿಮೆ. ಹೀಗಿರುವಾಗ ಜನ ಹಳೆಯದನ್ನೇ ಅಪ್ಪಿಕೊಂಡರೆ ಆಶ್ಚರ್ಯವೇನು? ಹೊಸದು ಬಂದು ಮೂರು ವರ್ಷ ಕಳೆದ ಮೇಲೂ, ಸೋನಿಯವರೇ 2024ರಲ್ಲಿ ತಿಳಿಸಿದಂತೆ, ಅವರ ಯಂತ್ರಗಳಲ್ಲಿ ಆಡುವವರ ಪೈಕಿ ಸುಮಾರು ಅರ್ಧದಷ್ಟು ಜನ ನಾಲ್ಕನೆಯದರಲ್ಲಿಯೇ ಆಡುತ್ತಿದ್ದರು.

ಇಷ್ಟನ್ನು ಓದಿಕೊಂಡ ಮೇಲೆ ‘ತಿರಸ್ಕರಿಸಲಾಗಿದೆ’ ಎಂದು ಬರೆಯಲು ಬೇಕಾದಷ್ಟು ಕಾರಣಗಳು ನನ್ನ ಬಳಿ ಇದ್ದುವು. ಆದರೂ ಬರೆಯಲಿಲ್ಲ. ಅದಕ್ಕೆ ಕಾರಣ ನನ್ನ ಮಗ.

1995ರಲ್ಲಿ ನಾವು ತಿಪಟೂರಿನಲ್ಲಿದ್ದೆವು. ಮಗನು ಆಗ ಆರನೆಯ ತರಗತಿ. ಎದುರು ಮನೆಯಲ್ಲಿ ಬ್ಯಾಂಕಿನ ನೌಕರರೊಬ್ಬರಿದ್ದರು. ಅವರ ಮಗನೂ ನನ್ನ ಮಗನೂ ಒಂದೇ ಬೆಂಚು. ಪೇಟೆಯ ಅಂಗಡಿಯೊಂದಕ್ಕೆ ‘ಟಿ.ವಿ. ಗೇಮ್’ ಬಂದಿತ್ತು. ನಿಂಟೆಂಡೊ ಯಂತ್ರವನ್ನು ನೋಡಿ ಬೇರೆಲ್ಲಿಯೋ ಮಾಡಿದ ನಕಲು ಅದು. ಎದುರು ಮನೆಯಲ್ಲಿ ಟಿ.ವಿ. ಇರಲಿಲ್ಲ, ನಮ್ಮಲ್ಲಿ ಇತ್ತು. “ಅಪ್ಪ, ನೀವು ಕೊಡಿಸಿದರೆ ಇಬ್ಬರೂ ಆಡಬಹುದು” ಎಂದು ಮಗನು ಕೇಳಿದನು. ಮನೆ ಕಟ್ಟಲು ತೆಗೆದ ಸಾಲದ ಕಂತು ಸಂಬಳದ ಬಹುಪಾಲನ್ನು ನುಂಗುತ್ತಿದ್ದ ಕಾಲ. “ಮುಂದಿನ ವರ್ಷ ನೋಡೋಣ” ಎಂದೆ. ಅವನು ಹಟ ಮಾಡಲಿಲ್ಲ. ಮುಂದಿನ ವರ್ಷವೂ ನಾನು ಅದೇ ಮಾತನ್ನು ಹೇಳಿದೆ.

ಬಾಕಿ ವೇತನ ಕೈಗೆ ಬಂದದ್ದು 1997ರಲ್ಲಿ. ಯಾರಿಗೂ ಹೇಳದೆ ಅಂಗಡಿಗೆ ಹೋಗಿ ಯಂತ್ರವನ್ನೂ ಒಂದು ಹಳದಿ ಕ್ಯಾಸೆಟ್ಟನ್ನೂ ತಂದೆ. ಅದರ ಮೇಲೆ ‘ಒಂದರಲ್ಲಿ 9999 ಆಟಗಳು’ ಎಂದು ಅಚ್ಚಾಗಿತ್ತು. ರಾತ್ರಿ ನಾವಿಬ್ಬರೂ ಕುಳಿತು ಎಣಿಸಿದೆವು. ಆಟಗಳು ಒಟ್ಟು ಹದಿನಾರು, ಉಳಿದವೆಲ್ಲ ಅವೇ ಹದಿನಾರರ ಪುನರಾವೃತ್ತಿ. ಮಗನು ನಕ್ಕನು. ಕ್ಯಾಸೆಟ್ಟು ಓಡದಿದ್ದಾಗ ಅದರ ಬಾಯಿಗೆ ಉಫ್ ಎಂದು ಊದಿ ಮತ್ತೆ ಸಿಕ್ಕಿಸುವುದನ್ನು ನನಗೆ ಕಲಿಸಿದನು. ನಾಲ್ಕು ದಿನ ಆಡಿದನು. ಐದನೆಯ ದಿನ ತಂತಿಗಳನ್ನೆಲ್ಲ ಅಚ್ಚುಕಟ್ಟಾಗಿ ಸುತ್ತಿ, ಯಂತ್ರವನ್ನು ಪೆಟ್ಟಿಗೆಯೊಳಗಿಟ್ಟು ಅಟ್ಟಕ್ಕೆ ಏರಿಸಿದನು. “ಏಕಪ್ಪ, ಚೆನ್ನಾಗಿಲ್ಲವೇ?” ಎಂದು ಕೇಳಿದರೆ, “ಚೆನ್ನಾಗಿದೆ ಅಪ್ಪ” ಎಂದಷ್ಟೇ ಹೇಳಿದನು. ಯಂತ್ರಕ್ಕೆ ಎರಡು ಹಿಡಿಗಳಿದ್ದುವು. ಎರಡನೆಯ ಹಿಡಿಯ ತಂತಿಗೆ ಅಂಗಡಿಯವನು ಹಾಕಿದ ಕಟ್ಟು ಬಿಚ್ಚಿರಲೇ ಇಲ್ಲ. ಎದುರು ಮನೆಯವರಿಗೆ ಅದರ ಹಿಂದಿನ ಬೇಸಗೆಯಲ್ಲಿಯೇ ರಾಯಚೂರಿಗೆ ವರ್ಗವಾಗಿತ್ತು.

ನಾನು ಯಂತ್ರದ ಬೆಲೆಯನ್ನು ಲೆಕ್ಕ ಹಾಕಿದ್ದೆನೇ ಹೊರತು, ಅವನು ಕೇಳಿದ್ದು ಏನನ್ನೆಂಬುದನ್ನು ಲೆಕ್ಕ ಹಾಕಿರಲಿಲ್ಲ.

ಆದುದರಿಂದ ಈ ಸಲ ನಾನು ತಡಮಾಡಬಾರದೆಂದುಕೊಂಡೆ. ಅಂಚೆ ಕಚೇರಿಯಿಂದ ಹಣ ತೆಗೆಯಲು ಚೀಟಿಯನ್ನೂ ಬರೆದಿಟ್ಟೆ. ವಿಜಯದಶಮಿಯ ಮರುದಿನ ಮೊಮ್ಮಗನನ್ನು ಕರೆದು, “ನಿನ್ನ ಮನವಿ ಮಂಜೂರಾಗಿದೆ” ಎಂದೆ. ಅವನು ಕುಣಿಯುವನೆಂದು ನಿರೀಕ್ಷಿಸಿದ್ದೆ. ಅವನು ತಲೆ ತಗ್ಗಿಸಿ ನಿಂತನು. ಸ್ವಲ್ಪ ಹೊತ್ತಿನ ಮೇಲೆ ಜೇಬಿನಿಂದ ಮಡಿಚಿದ ಕಾಗದವನ್ನು ತೆಗೆದು ಕೊಟ್ಟನು. ‘ವಿಷಯ: ಹಿಂದಿನ ಮನವಿಯನ್ನು ಮುಂದೂಡುವ ಬಗ್ಗೆ.’ ಈ ಬಾರಿ ಕಾಗುಣಿತದ ತಪ್ಪು ಒಂದೂ ಇರಲಿಲ್ಲ.

ಅವನ ಗೆಳೆಯನೊಬ್ಬನಿದ್ದಾನೆ. ಮೊದಲು ನಮ್ಮ ಮೈಸೂರಿನ ಇದೇ ಬೀದಿಯಲ್ಲಿದ್ದವನು. ಒಂದೂವರೆ ವರ್ಷದ ಹಿಂದೆ ತಂದೆಗೆ ವರ್ಗವಾಗಿ ಹುಬ್ಬಳ್ಳಿಗೆ ಹೋದನು. ಆದರೆ ಈಗಿನ ಯಂತ್ರಗಳಿಗೆ ಅಂತರ್ಜಾಲದ ಸಂಪರ್ಕವಿರುವುದರಿಂದ ಇವನು ಇಲ್ಲಿ, ಅವನು ಅಲ್ಲಿ ಕುಳಿತು ಒಂದೇ ಮೈದಾನದಲ್ಲಿ ಕಾಲ್ಚೆಂಡು ಆಡುತ್ತಾರೆ. ಕಿವಿಗೆ ಸಿಕ್ಕಿಸಿಕೊಂಡ ಸಾಧನದಲ್ಲಿ ಮಾತೂ ನಡೆಯುತ್ತದೆ. ಅವನಲ್ಲಿರುವುದು ನಾಲ್ಕನೆಯ ಯಂತ್ರ. ಇವನು ಆಸೆಪಟ್ಟ ಹೊಸ ಆಟ ಐದನೆಯದರಲ್ಲಿ ಮಾತ್ರ ಓಡುತ್ತದೆ.

“ಹೊಸ ಯಂತ್ರದಲ್ಲಿ ಹಳೆಯ ಆಟವೂ ಓಡುತ್ತದೆಂದು ಓದಿದೆನಲ್ಲ! ಅವನೊಡನೆ ಅದನ್ನೇ ಆಡಬಹುದು” ಎಂದು ನನ್ನ ಹೊಸ ಪಾಂಡಿತ್ಯವನ್ನು ತೋರಿಸಿದೆ.

“ಆಡಬಹುದು ತಾತ. ಆದರೆ ಹೊಸದು ಬಂದ ಮೇಲೆ ನಾನು ಹಳೆಯದನ್ನು ಆಡುತ್ತ ಕೂರುತ್ತೇನೆಯೇ? ಶಾಲೆಯ ಹುಡುಗರೆಲ್ಲ ಹೊಸದಕ್ಕೆ ಕರೆಯುತ್ತಾರೆ. ನಾನು ಹೋಗಿಬಿಡುತ್ತೇನೆ. ನನಗೆ ಗೊತ್ತು.”

ಹದಿನಾಲ್ಕು ವರ್ಷದ ಹುಡುಗ ತನ್ನ ವಿಷಯದಲ್ಲಿ ಇಷ್ಟು ನಿಷ್ಠುರವಾಗಿ ಮಾತನಾಡಿದಾಗ ನನಗೆ ಉತ್ತರ ತೋಚಲಿಲ್ಲ.

“ಅವನು ಯಾವಾಗ ಕೊಳ್ಳುತ್ತಾನಂತೆ?” ಎಂದು ಕೇಳಿದೆ.

“ಅವನ ಅಪ್ಪ, ಮುಂದಿನ ವರ್ಷ ನೋಡೋಣ ಅಂದಿದ್ದಾರೆ ತಾತ.”

ನಾನು ಕನ್ನಡಕವನ್ನು ತೆಗೆದು ಒರೆಸಿಕೊಂಡೆ. ಆ ತಂದೆಯನ್ನು ನಾನು ಒಮ್ಮೆಯೋ ಎರಡು ಬಾರಿಯೋ ನೋಡಿರಬಹುದು. ಅವರ ಸಾಲ ಯಾವುದೋ, ಕಂತು ಎಷ್ಟೋ ನನಗೆ ತಿಳಿಯದು. ಮುಂದಿನ ವರ್ಷಕ್ಕೆ ಬೆಲೆ ಇಳಿಯುವುದೆಂಬ ನಂಬಿಕೆಯೂ ಈಗಿಲ್ಲ. ಇಬ್ಬರಿಗೂ ಕೊಡಿಸುವಷ್ಟು ಪಿಂಚಣಿ ನನಗೆ ಬರುವುದಿಲ್ಲ. ಬಂದರೂ, ಒಬ್ಬ ತಂದೆ ಮಗನಿಗೆ ಹೇಳಿದ ಮಾತಿನ ನಡುವೆ ಹೊರಗಿನವನು ಹಣ ಹಿಡಿದು ನುಗ್ಗುವುದು ತರವಲ್ಲ. ಎರಡನೆಯ ಮನವಿಯನ್ನೂ ತೆಗೆದುಕೊಂಡು ಮೊದಲನೆಯದರ ಜೊತೆಯಲ್ಲಿಟ್ಟೆ. ಅಂಚೆ ಕಚೇರಿಯ ಚೀಟಿ ಮೇಜಿನ ಖಾನೆಯಲ್ಲಿಯೇ ಉಳಿಯಿತು.

ಸಂಜೆ ಏಳು ಗಂಟೆಗೆ ಒಳಕೋಣೆಯಿಂದ ಮೊಮ್ಮಗನ ಕೂಗು ಕೇಳಿಬಂದಿತು. “ಲಗೂ ಬಾರೋ, ಲಗೂ ಬಾ! ಚೆಂಡು ಕೊಡು!” ನಮ್ಮ ಮನೆಯಲ್ಲಿ ಯಾರೂ ‘ಲಗೂ’ ಎನ್ನುವುದಿಲ್ಲ. ಒಂದೂವರೆ ವರ್ಷದಲ್ಲಿ ಆ ಹುಡುಗ ಹುಬ್ಬಳ್ಳಿಯಿಂದ ಕಲಿತು ಇವನಿಗೆ ದಾಟಿಸಿದ ಮಾತು ಅದು. ನಾನು ಎದ್ದು ಹೋಗಿ ನೋಡಿದೆ. ಕೆಲಸದಿಂದ ಆಗ ತಾನೇ ಬಂದಿದ್ದ ನನ್ನ ಮಗನು ಚೀಲವನ್ನು ಹೆಗಲಿನಿಂದ ಇಳಿಸದೆಯೇ ಕೋಣೆಯ ಬಾಗಿಲಲ್ಲಿ ನಿಂತು, ತೆರೆಯ ಮೇಲೆ ಓಡುತ್ತಿದ್ದ ಇಬ್ಬರನ್ನು ನೋಡುತ್ತಿದ್ದನು.